ಏಳನೆಯ ಸಿಲಿಂಡರಿನ ಕೆಮ್ಮು

ನಮ್ಮ ಅತ್ತಿಗೆಯನ್ನು ಮನೆಯ ಕಾರು ಶೆಡ್ಡಿಗೆ ಬರುವವರೆಲ್ಲ ಡಾಕ್ಟ್ರಮ್ಮ ಅಂತ ಕರೆಯುತ್ತಿದ್ದರು. ಆ ಹೆಸರಿಟ್ಟವನು ನನ್ನಣ್ಣ. ಇಂಜಿನ್ನಿನಿಂದ ಸ್ಪಾರ್ಕ್ ಪ್ಲಗ್ ಬಿಚ್ಚಿ, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಭೂತಗನ್ನಡಿಯಲ್ಲಿ ಅದರ ಬಾಯೊಳಗೆ ಇಣುಕುವ ಅವಳ ರೀತಿ ನೋಡಿದರೆ ಮಗುವಿನ ಗಂಟಲು ನೋಡುವ ಡಾಕ್ಟರೇ ನೆನಪಾಗಬೇಕು.

"ಏನ್ ಡಾಕ್ಟ್ರೇ, ಪೇಶೆಂಟ್ ಉಳೀತಾನಾ?" ಅಂತ ಅಣ್ಣ ಕೇಳೋನು.

"ಉಳೀತಾನೆ, ಡ್ರೈವರ್ ಸ್ವಲ್ಪ ಬಾಯಿ ಮುಚ್ಚಿಕೊಂಡಿದ್ರೆ," ಅನ್ನೋಳು ಅತ್ತಿಗೆ.

ಅವಳು ನನಗಿಂತ ಒಂದೇ ವರ್ಷ ದೊಡ್ಡವಳು. ಹಾಗಾಗಿ ನಾನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಅಮ್ಮನಿಗೆ ಅದು ಸರಿಬರುತ್ತಿರಲಿಲ್ಲ. "ಅತ್ತಿಗೆ ಅಂದ್ರೆ ತಾಯಿ ಸಮಾನ, 'ನೀನು' ಅಂತೀಯಲ್ಲ," ಎಂದು ಗದರಿಸುತ್ತಿದ್ದಳು. ಅಮ್ಮನಿಗೆ ಸೊಸೆಯ ಮೇಲೆ ಅಷ್ಟು ಅಭಿಮಾನವಿದ್ದ ಕಾಲ ಅದು.

ಅಣ್ಣನ ಹುಚ್ಚು ಡ್ರ್ಯಾಗ್ ರೇಸು. ಉದ್ದಕ್ಕೆ ಹಾಸಿದ ನೇರ ಡಾಂಬರು ದಾರಿ, ಪಕ್ಕಪಕ್ಕದಲ್ಲಿ ಎರಡು ಕಾರು, ಹಸಿರು ದೀಪ ಹತ್ತಿದೊಡನೆ ನಿಂತಲ್ಲಿಂದಲೇ ಚಿಮ್ಮಬೇಕು. ಕಣ್ಣು ಮಿಟುಕಿಸಿ ನೋಡುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಇದಕ್ಕೆ ಬರೀ ಪೆಟ್ರೋಲ್ ಸಾಲದು ಅಂತ ಇಂಜಿನ್ನಿಗೆ ನೈಟ್ರಸ್ ಗ್ಯಾಸನ್ನೂ ಊದುತ್ತಾರೆ. ಗ್ಯಾಸು ಬೆಂಕಿಯ ಹಸಿವನ್ನು ಕೆರಳಿಸುತ್ತದೆ. ಹಸಿವು ಹೆಚ್ಚಿದಷ್ಟೂ ಪೆಟ್ರೋಲನ್ನೂ ಹೆಚ್ಚು ಬಡಿಸಬೇಕು. ಅಣ್ಣನ ಕಾರಿನಲ್ಲಿ ಎಂಟು ಸಿಲಿಂಡರು. ಎಂಟಕ್ಕೂ ಬೇರೆ ಬೇರೆ ಸಣ್ಣ ನಳಿಕೆಯಲ್ಲಿ ಗ್ಯಾಸೂ ಪೆಟ್ರೋಲೂ ಹೋಗುತ್ತಿತ್ತು. ಎಂಟು ಮಕ್ಕಳಿಗೆ ಒಂದೇ ಪಾತ್ರೆಯಿಂದ ಬಡಿಸಿದ ಹಾಗೆ. ಒಂದಕ್ಕೆ ಪೆಟ್ರೋಲ್ ಕಡಿಮೆಯಾದರೆ ಆ ಸಿಲಿಂಡರು 'ಲೀನ್' ಆಯಿತು ಅಂತ ಮೆಕ್ಯಾನಿಕ್ಕುಗಳು ಹೇಳುತ್ತಾರೆ. ಅತ್ತಿಗೆ ಅದನ್ನು 'ಹಸಿದದ್ದು' ಅನ್ನುತ್ತಿದ್ದಳು.

"ಹಸಿದವನ ಮುಖ ಬಿಳಿಚಿಕೊಳ್ಳಲ್ವಾ, ಹಾಗೇ ಪ್ಲಗ್ಗೂ," ಅಂತ ಒಮ್ಮೆ ನನಗೆ ತೋರಿಸಿದ್ದಳು. ಚೆನ್ನಾಗಿ ಉಂಡ ಸಿಲಿಂಡರಿನ ಪ್ಲಗ್ಗು ತಿಳಿ ಕಂದು ಬಣ್ಣಕ್ಕಿರುತ್ತದೆ. ಹಸಿದದ್ದು ಸೀಮೆಸುಣ್ಣದಂತೆ ಬೆಳ್ಳಗೆ. ಅದರ ಮೇಲೆ ಮಿಣಮಿಣ ಹೊಳೆಯುವ ಚುಕ್ಕಿಗಳು ಕಂಡರಂತೂ ಒಳಗೆ ಪಿಸ್ಟನ್ನೇ ಕರಗಲು ಶುರುವಾಗಿದೆ ಎಂದರ್ಥ. ಇನ್ನೂ ಒಂದು ಅಪಾಯವಿದೆ. ಹಸಿದ ಸಿಲಿಂಡರಿನಲ್ಲಿ ಬೆಂಕಿ ನಿಧಾನ. ಉರಿದು ಮುಗಿಯುವ ಮೊದಲೇ ಮುಂದಿನ ಉಸಿರಿಗೆ ಬಾಗಿಲು ತೆರೆದುಬಿಡುತ್ತದೆ. ಆಗ ಬೆಂಕಿ ಗಾಳಿ ಬರುವ ದಾರಿಯಲ್ಲೇ ಹಿಂದಕ್ಕೆ ನುಗ್ಗುತ್ತದೆ. ಆ ದಾರಿಯ ತುಂಬ ಗ್ಯಾಸು, ಪೆಟ್ರೋಲು. ಹೊಟ್ಟೆಗೆ ಹೋಗಬೇಕಾದದ್ದು ಗಂಟಲಿಗೇ ಬಂದಂತೆ ಇಂಜಿನ್ನು ಕೆಮ್ಮುತ್ತದೆ.

ಅಣ್ಣನ ಕಾರಿನಲ್ಲಿ ಏಳನೆಯ ಸಿಲಿಂಡರು ಯಾವತ್ತೂ ಸ್ವಲ್ಪ ಬಿಳಿಚು. ಅತ್ತಿಗೆ ಅದರ ಜೆಟ್ಟನ್ನು, ಅಂದರೆ ಪೆಟ್ರೋಲಿನ ಅಳತೆ ಹಿಡಿಯುವ ಪುಟಾಣಿ ತೂತಿನ ಬಿರಡೆಯನ್ನು, ಒಂದು ಮಟ್ಟ ದೊಡ್ಡದು ಮಾಡಿದಳು. ಬಣ್ಣ ಬಂತು. ಅಣ್ಣನ ಕೊನೆಯ ರೇಸಿನ ಹಿಂದಿನ ದಿನ ಎಂಟೂ ಪ್ಲಗ್ಗನ್ನು ಬಿಚ್ಚಿ ನೋಡಿ, "ಎಲ್ಲರೂ ಉಂಡಿದ್ದಾರೆ," ಅಂದಿದ್ದನ್ನು ನಾನೇ ಕೇಳಿದ್ದೇನೆ.

ಮರುದಿನ ನಾನು ಬೇಲಿಯ ಪಕ್ಕ ನಿಂತಿದ್ದೆ. ಕಾರು ಚಿಮ್ಮಿತು, ಅರ್ಧ ದಾರಿ ಹೋಯಿತು, ಕೆಮ್ಮಿತು. ಒಂದೇ ಸಲ. ಕಂಬಳಿ ಸುತ್ತಿದ ಖಾಲಿ ಡ್ರಮ್ಮಿಗೆ ಯಾರೋ ದೊಣ್ಣೆಯಲ್ಲಿ ಹೊಡೆದಂತೆ, ಧಬ್ ಅಂತ. ಬಾನೆಟ್ಟಿನ ಮೇಲೆ ಇಂಜಿನ್ನಿಗೆ ಗಾಳಿ ಹಿಡಿಯುವ ಗಾಳಿಗೂಡು ಕಿತ್ತು ಹಾರಿತು. ಅದು ನೆಲಕ್ಕೆ ಬೀಳುವ ಮೊದಲೇ ಅಣ್ಣ ಕೂತಿದ್ದ ಜಾಗದಲ್ಲಿ ಬೆಂಕಿ ಕಾಣಿಸಿತು. ಎಲ್ಲರಿಗಿಂತ ಮೊದಲು ಓಡಿದವಳು ಅತ್ತಿಗೆ. ಕಾದ ಬಾಗಿಲ ಹಿಡಿಕೆಗೆ ಅವಳ ಎರಡು ಅಂಗೈಯೂ ಬೆಂದವು.

ಅಣ್ಣ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದ. ಮಾತು ಒಂದೆರಡೇ. ಅದರಲ್ಲೊಂದು, "ಡಾಕ್ಟ್ರೇ, ಕೆಮ್ಮಿತು ಕಣೇ."

ಅತ್ತಿಗೆ ಬ್ಯಾಂಡೇಜು ಸುತ್ತಿದ ಕೈಯನ್ನು ಮಂಚದ ಅಂಚಿಗೆ ಒತ್ತಿ, ಬಗ್ಗಿ ಅವನ ಕಿವಿಯ ಬಳಿ ಕೇಳಿದಳು. "ಯಾವುದು? ಯಾವ ಕಡೆಯಿಂದ ಬಂತು ಗೊತ್ತಾಯ್ತಾ?"

ಅವನು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಆದರೆ ಅಮ್ಮ ಮಂಚದ ಆ ಬದಿಯಲ್ಲೇ ನಿಂತಿದ್ದಳು.

ಅಣ್ಣ ತೀರಿಕೊಂಡ ಮೇಲೂ ಅಮ್ಮ ಆ ಮಾತನ್ನು ನುಂಗಿಕೊಳ್ಳಲಿಲ್ಲ. "ಸಾಯ್ತಾ ಇರೋ ನನ್ನ ಮಗನ ಕಿವೀಲಿ ಇಂಜಿನ್ ವಿಚಾರ ಮಾತಾಡಿದಳು" ಎಂದು ಬಂದವರಿಗೆಲ್ಲ ಹೇಳಿದಳು. ಶೆಡ್ಡಿನ ಸುತ್ತ ಸುಳಿಯುತ್ತಿದ್ದವರು ಇನ್ನೊಂದನ್ನು ಸೇರಿಸಿದರು: ಡೋಸ್ ತಪ್ಪಿದ ಡಾಕ್ಟ್ರಮ್ಮ. ಎಲುಬಿಲ್ಲದ ನಾಲಿಗೆ, ಹೇಗೂ ಹೊರಳುತ್ತದೆ. ಅಲ್ಲ ಎಂದು ತೋರಿಸಲು ಅತ್ತಿಗೆಯ ಬಳಿ ಏನೂ ಇರಲಿಲ್ಲ. ಪ್ಲಗ್ಗುಗಳನ್ನು ಬಿಚ್ಚಿ ನೋಡಿದಳು. ಎಂಟರ ಮೇಲೂ ಒಂದೇ ಮಸಿ. ಬೆಂಕಿ ತನ್ನ ಸಾಕ್ಷಿಯನ್ನು ತಾನೇ ತಿಂದಿತ್ತು.

ಅಂದಿನಿಂದ ಅಮ್ಮ ಅವಳೊಡನೆ ಮಾತು ಬಿಟ್ಟಳು. ಅತ್ತಿಗೆ ಮನೆ ಬಿಟ್ಟು ಹೋಗಲಿಲ್ಲ, ಅಮ್ಮ ಹೋಗು ಅನ್ನಲೂ ಇಲ್ಲ. ಕೈಚಾಚಿದರೆ ಸಿಗುವಷ್ಟು ಹತ್ತಿರ ನಿಂತವಳಿಗೆ ನನ್ನ ಮೂಲಕ ಹೇಳಿಸುತ್ತಿದ್ದಳು, "ಊಟಕ್ಕೆ ಬರೋಕೆ ಹೇಳು ಅವಳಿಗೆ." ಅತ್ತಿಗೆಯೂ ನನಗೇ ಹೇಳುತ್ತಿದ್ದಳು, "ಅತ್ತೆ ಮಾತ್ರೆ ತಗೊಂಡ್ರಾ ಕೇಳು." ಔಷಧಿ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳೊಡನೆ ಮಾತಾಡಿ ಬಂದು, ಮನೆಯಲ್ಲಿ ಇವರಿಬ್ಬರ ನಡುವೆ ಅಂಚೆಯವಳ ಕೆಲಸ ನನಗೆ.

ಅಣ್ಣನ ಕಾರು ಶೆಡ್ಡಿನಲ್ಲಿ ಟಾರ್ಪಾಲಿನಡಿ ಇತ್ತು. ರಬ್ಬರು, ವೈರು, ಸೀಟು ಎಲ್ಲ ಸುಟ್ಟಿದ್ದರೂ ಇಂಜಿನ್ನಿನ ಲೋಹ ಗಟ್ಟಿಯಾಗಿ ಉಳಿದಿತ್ತು. ಅತ್ತಿಗೆ ನೀರಿನ ಪಂಪು ರಿಪೇರಿ ಅಂಗಡಿಗೆ ಕೆಲಸಕ್ಕೆ ಸೇರಿದ ಮೇಲೆ, ಅವಳಿಲ್ಲದ ಒಂದು ದಿನ ಅಮ್ಮ ಗುಜರಿಯವನನ್ನು ಕರೆದು ಎಲ್ಲವನ್ನೂ ಸಾಗಹಾಕಿದಳು. ಸಂಜೆ ಅತ್ತಿಗೆ ಬಂದು ಖಾಲಿ ಶೆಡ್ಡಿನ ನೆಲದ ಎಣ್ಣೆ ಕಲೆಯನ್ನು ನೋಡಿದಳು. ಕೈ ತೊಳೆದು ಊಟಕ್ಕೆ ಕೂತಳು.

ಕಾರು ಹೋಯಿತು, ಕೆಮ್ಮು ಹೋಗಲಿಲ್ಲ. ಯಾರೋ ಮಹಡಿಯಲ್ಲಿ ಹಾಸಿಗೆ ಬಡಿದರೆ, ಗಾಳಿಗೆ ತಗಡಿನ ಬಾಗಿಲು ಬಡಿದುಕೊಂಡರೆ, ಅತ್ತಿಗೆ ಇದ್ದಲ್ಲೇ ನಿಂತುಬಿಡುತ್ತಿದ್ದಳು. ಕೈಯಲ್ಲಿನ ಲೋಟ ಹಾಗೇ ಗಾಳಿಯಲ್ಲಿ. "ಕೇಳಿಸಿತಾ ಪುಟ್ಟೀ?" ಎಂದು ನನ್ನ ಮುಖ ನೋಡುವಳು. ಕೆಲವು ಸಲ ಸದ್ದು ನಿಜವಾಗಿಯೂ ಆಗಿರುತ್ತಿತ್ತು. ಕೆಲವು ಸಲ ಏನೂ ಇರುತ್ತಿರಲಿಲ್ಲ. ನಾನು ಎರಡಕ್ಕೂ "ಇಲ್ಲ" ಅನ್ನುತ್ತಿದ್ದೆ. ಅದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ.

ಒಮ್ಮೆ ಬಟ್ಟೆ ಮಡಚುತ್ತಾ ತಾನಾಗಿಯೇ ಹೇಳಿದಳು, "ಕನಸಲ್ಲಿ ಪ್ಲಗ್ ಬಿಚ್ಚುತ್ತಾ ಇರ್ತೀನಿ. ಒಂದೊಂದೇ. ಎಂಟೂ ಚೆನ್ನಾಗೇ ಇರ್ತವೆ."

"ಒಳ್ಳೇದಲ್ವಾ?"

"ಅದೇ ಭಯ ಕಣೇ. ಒಂದಾದ್ರೂ ಕೆಟ್ಟಿದ್ರೆ ಎಬ್ಬಿಸಿ, ಹೋಗಬೇಡಿ ಅಂತ ಹೇಳಬಹುದಿತ್ತು ಅವರಿಗೆ."

ಹೀಗೇ ವರ್ಷಗಳು ಕಳೆದವು. ಒಂದು ಭಾನುವಾರ ಬೆಳಗ್ಗೆ ಅಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು, ಅತ್ತಿಗೆ ಕಲ್ಲಿನ ಮೇಲೆ ಪಾತ್ರೆ ಉಜ್ಜುತ್ತಿದ್ದಳು. ಹಿಂದಿನ ಬೀದಿಗಳ ಕಡೆಯಿಂದ ಒಂದು ಇಂಜಿನ್ನು ಎದ್ದಿತು. ನಮ್ಮ ಬಡಾವಣೆಯಲ್ಲಿ ಗ್ಯಾರೇಜುಗಳಿಗೇನು ಬರವಿಲ್ಲ, ಇಂಜಿನ್ ಸದ್ದು ಹೊಸದಲ್ಲ. ಆದರೆ ಇದು ಎದ್ದ ರೀತಿ ಬೇರೆ. ಮೊದಲು ಎರಡು ಸಲ ತಡವರಿಸಿ, ಗಂಟಲು ಸರಿಮಾಡಿಕೊಂಡು, ಆಮೇಲೆ ಗುಡುಗುಡು ಅಂತ ಒಂದು ಪಕ್ಕಕ್ಕೆ ವಾಲಿದ ಹಾಗೆ ಓಡುವ ಸದ್ದು. ಮನೆಯವರ ಹೆಜ್ಜೆಯ ಸಪ್ಪಳ ಕೇಳಿದರೆ ಯಾರೆಂದು ಗೊತ್ತಾಗುವುದಿಲ್ಲವೇ, ಹಾಗೆ.

ಅಮ್ಮನ ಕೈಯಿಂದ ಒದ್ದೆ ಸೀರೆ ಜಾರಿತು. "ಬಂದನಾ?" ಅಂದಳು.

ಅಂದವಳು ತನ್ನ ಮಾತಿಗೆ ತಾನೇ ಬೆಚ್ಚಿ ಬಾಯಿಗೆ ಸೆರಗು ಒತ್ತಿಕೊಂಡಳು. ಅತ್ತಿಗೆ ಎದ್ದು ನಿಂತಿದ್ದಳು, ಮೊಣಕೈಯಿಂದ ನೊರೆ ಸುರಿಯುತ್ತಿತ್ತು. ಇಬ್ಬರೂ ಅಷ್ಟು ವರ್ಷಗಳಲ್ಲಿ ಮೊದಲ ಸಲ ಒಬ್ಬರ ಮುಖ ಒಬ್ಬರು ನೇರವಾಗಿ ನೋಡಿದ್ದು ಆಗಲೇ. ಅಷ್ಟರಲ್ಲಿ ಆ ಸದ್ದು ಏರಿತು, ಏರುತ್ತಾ ಕೆಮ್ಮಿತು, ನಿಂತುಹೋಯಿತು.

ಈ ಸಲ "ಕೇಳಿಸಿತಾ" ಅಂತ ಅತ್ತಿಗೆ ನನ್ನನ್ನು ಕೇಳಲಿಲ್ಲ.

ಕೆಲವು ದಿನಗಳ ನಂತರ ಒಬ್ಬರು ನಮ್ಮ ಮನೆ ಹುಡುಕಿಕೊಂಡು ಬಂದರು. ನೆಲಕ್ಕೆ ಟೈಲ್ಸ್ ಹಾಕಿಸುವ ಕಂಟ್ರಾಕ್ಟರು, ಎಲ್ಲರೂ ಟೈಲ್ಸಪ್ಪ ಎಂದು ಕರೆಯುತ್ತಿದ್ದರು. ಗುಜರಿಯಿಂದ ಅಣ್ಣನ ಇಂಜಿನ್ನು ಕೊಂಡು, ಹೊಸ ಕಾರಿಗೆ ಕೂರಿಸಿದ್ದರು. ಓಡಿಸುವವಳು ಅವರ ಮಗಳು. ಅವರಿಗೆ ಇಂಜಿನ್ನಿನ ಪೂರ್ವಕಥೆ ಗೊತ್ತಿತ್ತು, ಹಾಗಾಗಿ ಚಪ್ಪಲಿ ಬಿಟ್ಟರೂ ಒಳಗೆ ಬರಲಿಲ್ಲ.

"ಎರಡು ಸಲ ಗಾಳಿಗೂಡು ಹಾರಿಸಿತು ಅಕ್ಕ. ಜೆಟ್ ದೊಡ್ಡದು ಮಾಡಿದ್ವಿ, ಪ್ಲಗ್ ಬದಲಾಯಿಸಿದ್ವಿ, ಪಂಪ್ ಹೊಸದು. ಒಮ್ಮೆ ಸರಿ ಓಡುತ್ತೆ, ಇನ್ನೊಮ್ಮೆ ಕೆಮ್ಮುತ್ತೆ. ದೆವ್ವ ಹೊಕ್ಕ ಹಾಗೆ. ಎಲ್ಲರೂ ನಿಮ್ಮ ಹೆಸರೇ ಹೇಳ್ತಾರೆ."

"ಹೇಳೋರು ಇನ್ನೂ ಏನೇನೋ ಹೇಳ್ತಾರೆ," ಅಂದಳು ಅತ್ತಿಗೆ. "ಬೇರೆಯವರನ್ನು ನೋಡಿ. ಇಲ್ಲಾ, ಅದನ್ನ ಕುಲುಮೆಗೆ ಹಾಕಿ ಕರಗಿಸಿಬಿಡಿ."

ಮರುದಿನ ಮಗಳೇ ಬಂದಳು. ಮದುವೆಯಾಗಿ ಮಗುವಿದ್ದ ಹೆಂಗಸು, ಅಪ್ಪನಷ್ಟು ಸಂಕೋಚವಿಲ್ಲ. ಮೊಟ್ಟೆ ಇಡುವ ರಟ್ಟಿನ ತಟ್ಟೆಯಲ್ಲಿ ಎಂಟು ಪ್ಲಗ್ಗನ್ನು ಸಾಲಾಗಿ ನಿಲ್ಲಿಸಿಕೊಂಡು ತಂದಿದ್ದಳು. "ನೀವು ಬರೋದು ಬೇಡ ಆಂಟಿ, ನೋಡಿ ಹೇಳಿ ಸಾಕು," ಎಂದು ಅಡುಗೆಮನೆ ಕಟ್ಟೆಯ ಮೇಲೆ ಇಟ್ಟಳು.

ನೋಡುವುದಿಲ್ಲ ಎಂದು ಅತ್ತಿಗೆ ಮುಖ ತಿರುಗಿಸಿದಳು. ಆದರೆ ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ? ಕಣ್ಣು ತಾನೇ ಅತ್ತ ಸರಿಯಿತು. ಏಳು ಪ್ಲಗ್ಗು ಕಂದು ಬಣ್ಣ. ಒಂದು ಬಿಳಿ. ಕಿಟಕಿಯ ಬೆಳಕಿಗೆ ಹಿಡಿದಾಗ ಮಿಣಮಿಣ ಚುಕ್ಕಿಗಳು ನನಗೂ ಕಂಡವು.

"ಏಳನೇದು," ಅಂದಳು ಅತ್ತಿಗೆ. ಕೇಳಲಿಲ್ಲ, ಹೇಳಿದಳು.

"ಹೌದು ಆಂಟಿ. ಯಾವಾಗಲೂ ಅದೇ."

ಅತ್ತಿಗೆ ಪ್ಲಗ್ಗನ್ನು ಕೆಳಗಿಡಲಿಲ್ಲ. ನಡುಮನೆಯಲ್ಲಿ ಕೂತಿದ್ದ ಅಮ್ಮ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಟೈಲ್ಸಪ್ಪನ ಅಂಗಳಕ್ಕೆ ಅತ್ತಿಗೆ ನನ್ನನ್ನೂ ಕರೆದುಕೊಂಡು ಹೋದಳು. ಟೈಲ್ಸಿನ ಪೆಟ್ಟಿಗೆಗಳ ನಡುವೆ ನೀಲಿ ಕಾರು. ಬಾನೆಟ್ಟು ತೆರೆದದ್ದೇ ಅತ್ತಿಗೆ ಒಂದು ಹೆಜ್ಜೆ ಹಿಂದೆ ಸರಿದಳು. ಇಂಜಿನ್ನಿನ ಒಂದು ಪಕ್ಕ ಬೆಂಕಿ ನೆಕ್ಕಿದ ಕಲೆ ಹಾಗೇ ಇತ್ತು, ಎಷ್ಟು ಉಜ್ಜಿದರೂ ಹೋಗದ ನೀಲಿಗಪ್ಪು. ಅವಳು ಅದರ ಮೇಲೆ ಅಂಗೈಯಿಟ್ಟಳು. ಆಮೇಲೆ ಕೂದಲು ಗಂಟು ಹಾಕಿಕೊಂಡು ಕೆಲಸಕ್ಕಿಳಿದಳು.

ಮೊದಲು ಬೆಂಕಿಯಾರಿಸುವ ಸಿಲಿಂಡರು ಹತ್ತಿರ ತರಿಸಿದಳು. ಏಳನೆಯದರ ವಾಲ್ವುಗಳು, ಅಂದರೆ ಉಸಿರಿನ ಬಾಗಿಲುಗಳು, ಸರಿಯಾಗಿ ಮುಚ್ಚುತ್ತವೆಯೇ ಎಂದು ಗಾಳಿ ತುಂಬಿ ಕಿವಿಗೊಟ್ಟಳು. ಎಲ್ಲೂ ಸೋರಿಕೆಯಿಲ್ಲ. ಏಳನೆಯದರ ನಳಿಕೆ ಮತ್ತು ಜೆಟ್ಟನ್ನು ಮೂರನೆಯದಕ್ಕೆ ಹಾಕಿ, ಮೂರನೆಯದರದ್ದನ್ನು ಇಲ್ಲಿಗೆ ತಂದಳು. "ರೋಗ ನಳಿಕೇದಾದ್ರೆ ನಳಿಕೆ ಜೊತೆ ಹೋಗುತ್ತೆ," ಅಂದಳು. ಮಗಳು ರೇಸಿನ ದಾರಿಯಲ್ಲಿ ಕಡಿಮೆ ಗ್ಯಾಸು ಊದಿ ಓಡಿಸಿ, ತಕ್ಷಣ ಇಂಜಿನ್ ಆರಿಸಿ ತಂದಳು. ಬಿಳಿಚಿದ್ದು ಮತ್ತೆ ಏಳನೆಯದೇ. ರೋಗ ಜಾಗ ಬಿಟ್ಟು ಕದಲಲಿಲ್ಲ.

ಉಳಿದದ್ದು ಪೆಟ್ರೋಲ್ ಬರುವ ದಾರಿ. ಗ್ಯಾಸ್ ಬಂದ್ ಮಾಡಿ, ಬ್ಯಾಟರಿ ದೂರವಿಟ್ಟು, ಎಂಟು ನಳಿಕೆಯನ್ನೂ ಎಂಟು ಗಾಜಿನ ಬಾಟಲಿಗೆ ಇಳಿಬಿಟ್ಟು, ಬೆಂಚಿನ ಮೇಲಿನ ಸಣ್ಣ ಪಂಪಿನಿಂದ ಪೆಟ್ರೋಲು ಹರಿಸಿದಳು. ಎಂಟು ಬಾಟಲಿಯಲ್ಲೂ ಒಂದೇ ಮಟ್ಟ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಅತ್ತಿಗೆ ಟೈಲ್ಸ್ ಪೆಟ್ಟಿಗೆಯ ಮೇಲೆ ಕುಕ್ಕರಿಸಿದಳು. "ಹೀಗೇ ಇತ್ತು. ಆವಾಗಲೂ ಹೀಗೇ ನೋಡಿದ್ದೆ. ಸಮ ಇತ್ತು ಪುಟ್ಟೀ."

ನಾನು, "ಮನೆಗೆ ಹೋಗೋಣ ನಡಿ," ಅಂದೆ. ಮರುದಿನ ಅವಳು ಅತ್ತ ಸುಳಿಯಲಿಲ್ಲ. ಪಂಪು ಅಂಗಡಿಯಲ್ಲಿ ಕೂತು ಕೆಲಸ ಮಾಡಿದಳು. ಅಲ್ಲಿಗೊಂದು ಮೋಟಾರು ಬಂದಿತ್ತು. ನಿಧಾನಕ್ಕೆ ಓಡಿಸಿದರೆ ನೀರು ಬರುತ್ತದೆ, ಜೋರು ಮಾಡಿದರೆ ನಿಂತುಹೋಗುತ್ತದೆ ಎಂದು ತಂದವನ ಗೋಳು. ಪೈಪು ಬಿಚ್ಚಿದರೆ ಒಳಗೆ ಅರ್ಧ ಕಿತ್ತುಬಂದ ರಬ್ಬರಿನ ಪದರ. ಮೆಲ್ಲಗೆ ಬರುವ ನೀರಿಗೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿತ್ತು, ಸೆಳೆತ ಜೋರಾದರೆ ಅಡ್ಡ ಎಳೆದುಕೊಂಡು ಬಾಗಿಲು ಮುಚ್ಚುತ್ತಿತ್ತು. ಇಂಥದ್ದನ್ನು ಅವಳು ಎಷ್ಟೋ ನೋಡಿದ್ದಳು. ಅಂದು ಮಾತ್ರ ಆ ಪೈಪನ್ನು ಕೈಯಲ್ಲಿ ಹಿಡಿದವಳು ಹಾಗೇ ಎದ್ದು, ಅಂಗಡಿಯ ಯಜಮಾನನಿಗೂ ಹೇಳದೆ, ದಾರಿಯಲ್ಲಿ ಔಷಧಿ ಅಂಗಡಿಯಿಂದ ನನ್ನನ್ನೂ ಕರೆದುಕೊಂಡು ಟೈಲ್ಸಪ್ಪನ ಅಂಗಳಕ್ಕೆ ನಡೆದುಬಿಟ್ಟಳು.

ಈ ಸಲ ಸಣ್ಣ ಪಂಪು ಬೇಡ ಅಂದಳು. ಕಾರಿನದ್ದೇ ದೊಡ್ಡ ಪಂಪಿನಲ್ಲಿ, ರೇಸಿನಲ್ಲಿ ಇರುವಷ್ಟೇ ಒತ್ತಡದಲ್ಲಿ ಹರಿಸಿದಳು. ಎಂಟರಲ್ಲಿ ಏಳು ಬಾಟಲಿಗಳು ಒಟ್ಟಿಗೆ ತುಂಬುತ್ತಾ ಬಂದವು. ಏಳನೆಯ ಸಿಲಿಂಡರಿನ ಧಾರೆ ಅವುಗಳ ಜೊತೆಗೇ ಹೊರಟು, ನಡುವೆ ಒಮ್ಮೆ ನಡುಗಿ, ದಾರದಷ್ಟು ತೆಳ್ಳಗಾಯಿತು. ನಿಲ್ಲಿಸಿ ಮತ್ತೆ ಹರಿಸಿದರೆ ಸಮವಾಗಿ ತುಂಬಿತು. ಇನ್ನೊಮ್ಮೆ ಹರಿಸಿದರೆ ಮತ್ತೆ ತೆಳ್ಳಗೆ.

ಪೆಟ್ರೋಲು ಒಂದು ಹಿತ್ತಾಳೆಯ ಬ್ಲಾಕಿಗೆ ಬಂದು, ಅಲ್ಲಿಂದ ಎಂಟು ಕೊಳವೆಗಳಿಗೆ ಕವಲೊಡೆಯುತ್ತಿತ್ತು. ಬೆಂಕಿಯಲ್ಲೂ ಉಳಿದ ಹಳೆಯ ಬ್ಲಾಕು. ಅದನ್ನು ಬಿಚ್ಚಿ, ಒರೆಸಿ, ಒಣಗಿಸಿ, ಗರಗಸದಲ್ಲಿ ಎರಡು ಹೋಳು ಮಾಡಿಸಿದಳು. ಏಳನೆಯ ದಾರಿಯ ಬಾಯಲ್ಲಿ, ತೂತು ಕೊರೆಯುವಾಗ ಪೂರ್ತಿ ಕತ್ತರಿಸದೆ ಉಳಿದ ಹಿತ್ತಾಳೆಯ ಒಂದು ಸಿಬಿರು, ಉಗುರಿನ ಚೂರಿನಷ್ಟು, ನಾಲಿಗೆಯಂತೆ ಅಂಟಿಕೊಂಡಿತ್ತು. ಮಾಡಿದವರ ಕಣ್ಣಿಗೂ ಬಿದ್ದಿರಲಿಕ್ಕಿಲ್ಲ. ಅತ್ತಿಗೆ ಸೂಜಿಯಿಂದ ಮುಟ್ಟಿದಳು. ಅದು ಬಾಗಿ ದಾರಿ ಮುಚ್ಚಿತು. ಸೂಜಿ ತೆಗೆದರೆ ಪಕ್ಕಕ್ಕೆ ಸರಿದು ಒಳ್ಳೆಯ ಹುಡುಗನ ಹಾಗೆ ಒರಗಿ ಕೂತಿತು.

"ಸಿಕ್ಕಿತಲ್ಲ ಅಕ್ಕಾ!" ಟೈಲ್ಸಪ್ಪ ಮಗುವಿನ ಹಾಗೆ ಕುಣಿದರು.

"ಇದನ್ನ ನಾನೇ ತೊಳೆದಿದ್ದೆ," ಅಂದಳು ಅತ್ತಿಗೆ, ನನಗೆ ಮಾತ್ರ ಕೇಳುವಂತೆ. "ಹಿಂದಿನ ದಿನ. ಬಾಯಿಟ್ಟು ಊದಿ ನೋಡಿದ್ದೆ. ನನ್ನ ಕೈಯಲ್ಲಿದ್ದಾಗ ಸುಮ್ಮನಿತ್ತು. ಅವರು ಒಬ್ಬರೇ ಇದ್ದಾಗ ಬಾಯಿ ಮುಚ್ಚಿತು."

ಹೊಸ ಬ್ಲಾಕು ಕೂರಿಸಿದರು. ರೇಸಿನ ದಾರಿಗೆ ಅತ್ತಿಗೆ ಬಂದಳು, ಬೇಲಿಯ ಬಳಿ ನನ್ನ ಮಣಿಕಟ್ಟು ಹಿಡಿದು ನಿಂತಳು. ಹಸಿರು ದೀಪ ಹತ್ತಿತು. ನೀಲಿ ಕಾರು ಚಿಮ್ಮಿತು. ಅರ್ಧ ದಾರಿಗೆ ಬಂದಾಗ ಅವಳ ಉಗುರು ನನ್ನ ಚರ್ಮದೊಳಗೆ ಇಳಿಯಿತು. ಕಾರು ಒಂದೇ ದನಿಯಲ್ಲಿ ಹರಿದುಕೊಂಡು ಕೊನೆ ದಾಟಿತು. ಜನ ಕೂಗಿದರು.

"ಕೆಮ್ಮಿತಾ?" ಅತ್ತಿಗೆ ಕೇಳಿದಳು.

"ಇಲ್ಲ."

"ನಿಜ ಹೇಳು. ಸಮಾಧಾನಕ್ಕೆ ಹೇಳಬೇಡ."

"ನಿಜವಾಗಿ ಇಲ್ಲ ಕಣೇ."

"ನನಗೆ ಕೇಳಿಸಿತು," ಅಂದಳು. ಕಾರು ಮರಳಿದ ಮೇಲೆ ತಾನೇ ಎಂಟೂ ಪ್ಲಗ್ಗು ಬಿಚ್ಚಿ ನೋಡಿದಳು. ಎಂಟೂ ಒಂದೇ ಕಂದು. ಟೈಲ್ಸಪ್ಪನ ಮಗಳು ಅವಳ ಕೈ ಹಿಡಿದುಕೊಂಡಳು. ಅತ್ತಿಗೆ ಮೆಲ್ಲಗೆ ಬಿಡಿಸಿಕೊಂಡು, "ಪ್ರತಿ ಸಲ ಓಡಿದ ಮೇಲೂ ನೋಡಬೇಕು. ಒಂದು ಸಲ ಸರಿ ಇದ್ರೆ ನಂಬಬೇಡ," ಅಂದಳು.

ಮನೆಗೆ ಬಂದವಳು ಕೈಕಾಲು ತೊಳೆದು ನೇರ ಅಮ್ಮನ ಎದುರು ಹೋಗಿ ನೆಲದ ಮೇಲೆ ಕೂತಳು. ನನ್ನ ಮೂಲಕ ಹೇಳಿಸಲಿಲ್ಲ. ಬ್ಲಾಕಿನ ಎರಡು ಹೋಳನ್ನು ಅಮ್ಮನ ಮುಂದಿಟ್ಟು, ಸೂಜಿಯಿಂದ ಆ ನಾಲಿಗೆಯನ್ನು ಬಾಗಿಸಿ ತೋರಿಸಿದಳು. "ಅತ್ತೆ, ಅವತ್ತು ಆಗಿದ್ದು ಇದು ಇರಬೇಕು," ಅಂದಳು. ನನ್ನ ತಪ್ಪಲ್ಲ ಎಂದು ಹೇಳಲಿಲ್ಲ.

ಅಮ್ಮ ಕನ್ನಡಕ ಹಾಕಿಕೊಂಡು ನೋಡಿದಳು, ತೆಗೆದು ನೋಡಿದಳು. ಅವಳ ಮುಖದಲ್ಲಿ ಸಮಾಧಾನ ಬರುತ್ತದೆ ಅಂದುಕೊಂಡಿದ್ದ ನಾನು ದಡ್ಡಿ. ಏನೋ ಕಿತ್ತುಕೊಂಡ ಹಾಗೆ ಅವಳ ಕೈ ಸುಮ್ಮನೆ ಸೀರೆಯ ಮೇಲೆ ತಡಕಾಡಿತು.

"ಇಷ್ಟು ಸಣ್ಣದಾ?" ಅಂದಳು. "ಹಾಗಾದ್ರೆ ನಾನು ಯಾರನ್ನ ಬೈಲಿ?"

"ನನ್ನನ್ನೇ ಬೈಯಿರಿ ಅತ್ತೆ. ಅಭ್ಯಾಸ ಆಗಿದೆ."

ಅಮ್ಮ ಎರಡು ಹೋಳನ್ನೂ ಒಂದಕ್ಕೊಂದು ಜೋಡಿಸಿ ಇಟ್ಟಳು. ಆಮೇಲೆ, ಅಷ್ಟು ವರ್ಷ ಯಾರನ್ನೂ ಕೇಳದಿದ್ದನ್ನು ಕೇಳಿದಳು. "ಕೆಮ್ಮಿದಾಗ ಅವನಿಗೆ ಗೊತ್ತಾಗಿರುತ್ತಾ?"

ನಾನು ಅತ್ತಿಗೆಗೆ ಕಣ್ಸನ್ನೆ ಮಾಡಿದೆ, ಇಲ್ಲ ಅನ್ನು ಅಂತ. ಅವಳು ನನ್ನ ಕಡೆ ನೋಡಲಿಲ್ಲ.

"ಗೊತ್ತಾಗಿರುತ್ತೆ. ಗ್ಯಾಸಿನ ಗುಂಡಿಯಿಂದ ಕೈ ತೆಗೆದಿದ್ರು. ಬ್ರೇಕ್ ಒತ್ತಿದ್ರು. ಜನ ನಿಂತಿದ್ದ ಕಡೆ ಕಾರು ತಿರುಗದ ಹಾಗೆ ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದಿದ್ರು. ನಾನು ಬಾಗಿಲು ತೆಗೆದಾಗಲೂ ಬಿಟ್ಟಿರಲಿಲ್ಲ."

ಅಮ್ಮ ತಲೆಯಾಡಿಸಿದಳು. ಅಡುಗೆಮನೆಗೆ ಹೋಗಿ ಒಲೆ ಹಚ್ಚಿದಳು. ಅಲ್ಲಿಂದಲೇ ಕೂಗಿದಳು, ನನ್ನನ್ನಲ್ಲ, ಅವಳನ್ನು. "ಊಟ ಮಾಡ್ತೀಯಾ?"

ಇಷ್ಟಕ್ಕೆ ಎಲ್ಲ ನೆಟ್ಟಗಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅಮ್ಮ ಈಗ ಅತ್ತಿಗೆಯೊಡನೆ ಮಾತಾಡುತ್ತಾಳೆ, ಆದರೆ ಅಣ್ಣನ ವಿಚಾರ ಮಾತ್ರ. ದಿನಕ್ಕೊಂದು ಪ್ರಶ್ನೆ. ಅವನು ಕಾರು ಹತ್ತುವ ಮೊದಲು ಏನು ತಿಂದಿದ್ದ, ಏನು ತಮಾಷೆ ಮಾಡಿದ, ನೋವಿತ್ತಾ, ಎಷ್ಟು ನೋವಿತ್ತು. ಅತ್ತಿಗೆ ಒಂದಕ್ಕೂ ಸುಳ್ಳು ಹೇಳುವುದಿಲ್ಲ. ಅಮ್ಮ ಮಲಗಿದ ಮೇಲೆ ಅವಳು ಸೋತು ಗೋಡೆಗೊರಗಿ ಕೂರುವುದನ್ನು ನೋಡಿದ್ದೇನೆ.

"ಮಾತು ಬಿಟ್ಟಿದ್ದಾಗಲೇ ಸುಖವಾಗಿತ್ತು ಅಲ್ವಾ?" ಅಂತ ಒಮ್ಮೆ ಕೇಳಿದೆ.

"ಸುಮ್ನಿರು," ಅಂದಳು. "ಅವರಿಗಾದ್ರೂ ಕೇಳೋಕೆ ನಾನಿದ್ದೀನಿ."

ರೇಸಿದ್ದ ದಿನ ಟೈಲ್ಸಪ್ಪನ ಮಗಳು ಮೊಟ್ಟೆ ತಟ್ಟೆಯಲ್ಲಿ ಪ್ಲಗ್ಗುಗಳನ್ನು ತರುತ್ತಾಳೆ. ಅತ್ತಿಗೆ ಕಿಟಕಿಯ ಬಳಿ ನಿಂತು ಒಂದೊಂದನ್ನೇ ಬೆಳಕಿಗೆ ಹಿಡಿಯುತ್ತಾಳೆ, ಏಳನೆಯದನ್ನು ಎರಡು ಸಲ. ಅಮ್ಮ ಬಾಗಿಲಲ್ಲಿ ನಿಂತು ಅವಳು ಬಾಯಿ ತೆರೆದು 'ಎಲ್ಲರೂ ಉಂಡಿದ್ದಾರೆ' ಅನ್ನುವುದನ್ನೇ ಕಾಯುತ್ತಾಳೆ.